ಬಂಡೆ ಕೊರೆದಿಟ್ಟ ನೀರು

ಮುಂಬೈ ಹತ್ತಿರದ ಕಲ್ಯಾಣದ ಶಹಾಡ್ ಮೇಲುಸೇತುವೆಯ ಮೇಲೆ ಎಲ್ಲರಿಗೂ ಅವಸರ. ಮುರಬಾಡಕ್ಕೆ ಹೊರಟ ಎಸ್‌ಟಿ ಬಸ್ಸು, ತರಕಾರಿ ಟೆಂಪೊ, ರಿಕ್ಷಾಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತ ನಿಂತಿರುತ್ತವೆ. ಈ ರಸ್ತೆ ಮಾಳಶೇಜ್ ಘಾಟ್ ಹತ್ತಿ ಅಹಿಲ್ಯಾನಗರ, ಪರಭಣಿ, ನಾಂದೇಡ್ ದಾಟಿ ತೆಲಂಗಾಣದ ನಿರ್ಮಲ್‌ವರೆಗೆ ಹೋಗುತ್ತದೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 61. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದೇ ದಿಕ್ಕಿನ ಇನ್ನೊಂದು ದಾರಿ. ಎರಡು ಸಾವಿರ ವರ್ಷಗಳ ಹಿಂದೆ ಕಲ್ಯಾಣದ ಬಂದರಿನ ಸರಕು ನಾಣೇಘಾಟ್ ಏರಿ ಜುನ್ನರಕ್ಕೆ, ಅಲ್ಲಿಂದ ಪೈಠಣಕ್ಕೆ ಸಾಗುತ್ತಿತ್ತು.

ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿ ಕಲ್ಯಾಣದ ಹೆಸರಿದೆ. ಭರೂಚ್ ಬಂದರಿನಿಂದ ಪೈಠಣ 20 ದಿನಗಳ ಹಾದಿ, ಅದರಾಚೆ ತೇರ ಇನ್ನೂ 10 ದಿನ ಎಂದು ಅದು ಹೇಳುತ್ತದೆ. ಆ ಊರುಗಳ ಸರಕು ದಾರಿಯೇ ಇಲ್ಲದ ವಿಶಾಲ ಸೀಮೆಗಳನ್ನು ದಾಟಿ ಬಂಡಿಗಳಲ್ಲಿ ಬರುತ್ತಿತ್ತಂತೆ. ಬಂಡಿಯೇ ಮನೆ, ಬಂಡಿಯ ನೆರಳೇ ಅಡುಗೆಮನೆ ಆಗಿದ್ದಿರಬೇಕು. ತಿಂಗಳುಗಟ್ಟಲೆ ಹಾಗೆ ನಡೆಯುವವನಿಗೆ ಮುಂದಿನ ನೀರು ಎಲ್ಲಿದೆ ಎಂಬುದರ ಮುಂದೆ ಬೇರೆ ಯಾವ ಪ್ರಶ್ನೆ ದೊಡ್ಡದಾದೀತು?

ಆ ಪ್ರಶ್ನೆಗೆ ಉತ್ತರ ನಾಣೇಘಾಟ್‌ನಲ್ಲೇ ಇದೆ. ಕಲ್ಲುಮೆಟ್ಟಿಲ ಕಣಿವೆ ಹತ್ತಿ ಹೋದರೆ ಬಂಡೆಯಲ್ಲಿ ಕೊರೆದ ಗುಹೆ, ಅಕ್ಕಪಕ್ಕದಲ್ಲಿ ಬಂಡೆಯಲ್ಲೇ ಕಡಿದ ನೀರಿನ ತೊಟ್ಟಿಗಳು. ಗುಹೆಯ ಗೋಡೆಯ ಮೇಲೆ ಸಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನ. ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ಆನೆ, ಹಣದ ಲೆಕ್ಕ. ಶೂನ್ಯದ ಚಿಹ್ನೆ ಇನ್ನೂ ಬಳಕೆಗೆ ಬರದ ಕಾಲ. ನೂರಕ್ಕೊಂದು, ಸಾವಿರಕ್ಕೊಂದು ಬೇರೆ ಗುರುತು. ಹಿಂಬದಿಯ ಗೋಡೆಯಲ್ಲಿ ರಾಜಪರಿವಾರದ ಮೂರ್ತಿಗಳಿದ್ದವು. ಮೇಲೆ ಹೆಸರುಗಳು ಉಳಿದಿವೆ, ಕೆಳಗೆ ಪಾದಗಳ ಗುರುತಷ್ಟೇ. ನಡೆದು ಬಂದವರ ತಂಗುದಾಣದಲ್ಲಿ ಅರಸರದ್ದೂ ಪಾದವೇ ಉಳಿಯಿತಲ್ಲ! ಅದೇ ವಂಶದ ಸಾತಕಣಿ ದೊರೆಯ ಕೆತ್ತನೆ ನೋಡಬೇಕೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಗೆ ಹೋಗಬೇಕು. ಅಲ್ಲಿ ಆತ ಸ್ತೂಪಕ್ಕೆ ಬೆಳ್ಳಿಯ ತಾವರೆ ಅರ್ಪಿಸುತ್ತಾನೆ.

ಶಾಸನ ದಾನದ ಹಸುಗಳನ್ನು ಎಣಿಸುತ್ತದೆ. ತೊಟ್ಟಿ ಕಡಿದವನ ಕೈಯನ್ನು ಯಾರೂ ಎಣಿಸಿಲ್ಲ. ನನ್ನ ಬೆರಗೆಲ್ಲ ಅವನ ಕಡೆಗೆ. ಕಪ್ಪು ಬಸಾಲ್ಟ್ ಬಂಡೆ ಉಳಿಗೆ ಸುಲಭವಾಗಿ ಬಗ್ಗುವುದಲ್ಲ. ದಿನವಿಡೀ ಬಡಿದರೆ ಎಷ್ಟು ಇಳಿದೀತು? ತಾನು ಎಂದೂ ನೋಡದ, ಯಾವ ಭಾಷೆ ಆಡುತ್ತಾನೋ ತಿಳಿಯದ ದಾರಿಹೋಕನ ಬಾಯಾರಿಕೆಗೆಂದು ಅವನು ಬಡಿಯುತ್ತ ಹೋದ. ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರ ಮನಸ್ಸೂ ಇದೇ.

ಬಂಡೆಯಲ್ಲಿ ನೀರು ಕಾಯ್ದಿಡುವ ಈ ಜಾಣ್ಮೆ ದೂರದ ನಾಡುಗಳಲ್ಲೂ ಇತ್ತು. ಆಸ್ಟ್ರೇಲಿಯದ ಒಳನಾಡಿನ ಮರುಭೂಮಿಯಲ್ಲಿ ಮೂಲನಿವಾಸಿಗಳು ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರಿಗೆ ಚಪ್ಪಡಿ ಮುಚ್ಚಿಟ್ಟು ಕಾಪಾಡುತ್ತಿದ್ದರು. 1860ರಲ್ಲಿ ಕರಾಚಿಯಿಂದ ಒಂಟೆಗಳೂ ಅವನ್ನು ನಡೆಸುವವರೂ ಮೆಲ್ಬರ್ನ್‌ಗೆ ಹಡಗೇರಿದರು, ಆ ಖಂಡದ ಒಳಗನ್ನು ದಾಟುವ ತಂಡಕ್ಕಾಗಿ. ಹೊರಗಿನವರಿಗೆ ಬರಿದಾಗಿ ಕಂಡ ಆ ನೆಲದಲ್ಲಿ ಒಂದೊಂದು ನೀರಿನ ಕುಳಿಯ ಜಾಗವನ್ನೂ ಬಲ್ಲವರು ಮೊದಲಿನಿಂದಲೂ ಇದ್ದರು.

ನಮ್ಮಲ್ಲಿ ಮನೆಯನ್ನೇ ಹೊತ್ತು ನಡೆಯುವವರು ಇನ್ನೂ ಇದ್ದಾರೆ. ಮಳೆ ಮುಗಿದ ಮೇಲೆ ಬಯಲುಸೀಮೆಯ ಕುರಿಗಾಹಿ ಧನಗರರು ಘಟ್ಟವಿಳಿದು ಕೊಂಕಣಕ್ಕೆ ಬರುತ್ತಾರೆ. ಕುದುರೆಯ ಬೆನ್ನ ಮೇಲೆ ಪಾತ್ರೆ, ಕಂಬಳಿ, ಆಗತಾನೆ ಹುಟ್ಟಿದ ಮರಿ. ಕೆಲವೊಮ್ಮೆ ಅವುಗಳ ನಡುವೆ ನಿದ್ದೆಹೋದ ಮಗು. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಇವರಿಗೆ ಕಾಳು. ಅವರ ಬಿರೋಬಾ ನಮ್ಮ ಕುರುಬರ ಬೀರಪ್ಪನೇ.

ಮಳೆಗಾಲದಲ್ಲಿ ಕಲ್ಯಾಣದಿಂದ ನಾಣೇಘಾಟ್‌ಗೆ ಜನ ಹಿಂಡುಹಿಂಡಾಗಿ ಹೋಗುತ್ತಾರೆ. ಗಾಳಿಯ ರಭಸಕ್ಕೆ ಅಲ್ಲಿ ಜಲಪಾತ ಮೇಲಕ್ಕೆ ಹಾರುತ್ತದೆ, ನೋಡಲೇಬೇಕಾದ್ದು ಅದು. ನೋಡಿದ ಮೇಲೆ ದಯವಿಟ್ಟು ತೊಟ್ಟಿಗಳ ಬಳಿಗೂ ಹೋಗಿ, ಬಗ್ಗಿ ಒಳಗೆ ನೋಡಿ. ಪ್ಲಾಸ್ಟಿಕ್ ಬಾಟಲಿ ಮಾತ್ರ ಅದರಲ್ಲಿ ಎಸೆಯಬೇಡಿ.