ನೀರಿಲ್ಲದ ಸಾಲು

ಕಷ್ಟ ಬಂದರೆ ಮನುಷ್ಯ ಗಟ್ಟಿಯಾಗುತ್ತಾನೆ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಬಡ ವಿದ್ಯಾರ್ಥಿಗಳ ಶುಲ್ಕ ವಿನಾಯಿತಿಯ ಪ್ರಸ್ತಾಪ ಬಂದಾಗ ಅಧ್ಯಾಪಕರ ಕೊಠಡಿಯಲ್ಲಿಯೂ ಇದು ಕೇಳಿಬರುವುದುಂಟು. ಈ ಮಾತನ್ನು ತೂಗಿ ನೋಡುವ ತಕ್ಕಡಿ ನನಗೆ ದೊರೆತದ್ದು ಸಸ್ಯವಿಜ್ಞಾನಿಗಳ ಬಳಿ.

ಬರವನ್ನು ತಾಳುವ ಮರ ಯಾವುದೆಂದು ತಿಳಿಯಲು ಅವರು ಒಂದೇ ವಯಸ್ಸಿನ ಸಸಿಗಳನ್ನು ಕುಂಡಗಳಲ್ಲಿ ಬೆಳೆಸಿ, ಒಂದು ಸಾಲಿಗೆ ನೀರು ನಿಲ್ಲಿಸುತ್ತಾರೆ. ದಿನವೂ ಕುಂಡವನ್ನು ತೂಗಿ, ಹೋದ ನೀರೆಷ್ಟೆಂದು ಬರೆದಿಡುತ್ತಾರೆ. ಎಲೆಯನ್ನು ಕಿತ್ತು, ತೊಟ್ಟಿನ ತುದಿ ಮಾತ್ರ ಹೊರಗಿರುವಂತೆ ಒತ್ತಡದ ಪಾತ್ರೆಯಲ್ಲಿಟ್ಟು, ಎಷ್ಟು ಒತ್ತಿದಾಗ ರಸ ಜಿನುಗುವುದೋ ಅದರಿಂದ ಗಿಡದ ದಾಹವನ್ನು ಅಳೆಯುತ್ತಾರೆ. ದಾಹ ಮಿತಿಮೀರಿದರೆ ಕಾಂಡದ ನಾಳಗಳಲ್ಲಿ ಗಾಳಿಗುಳ್ಳೆ ಸೇರಿ ನೀರಿನ ಎಳೆ ಕಡಿದುಹೋಗುತ್ತದೆ. ಕೊನೆಗೆ ಮತ್ತೆ ನೀರೆರೆದು ಕಾಯುತ್ತಾರೆ. ಏಕೆಂದರೆ ಹಸುರಾಗಿ ಕಾಣುವ ಸಸಿ ಒಳಗೆ ಸತ್ತಿರಬಹುದು, ಬೋಳಾಗಿ ನಿಂತದ್ದು ಚಿಗುರಲೂಬಹುದು.

ಇದು ಕ್ರೌರ್ಯವೆ? ಸಸಿಗೆ ನೋವುಂಟೆ ಎಂಬ ಚರ್ಚೆಗೆ ನಾನು ಹೋಗಲಾರೆ. ನನ್ನ ಕಣ್ಣು ನಿಂತದ್ದು ಪಕ್ಕದಲ್ಲೇ ನೀರುಂಡು ಬೆಳೆಯುವ ಇನ್ನೊಂದು ಸಾಲಿನ ಮೇಲೆ. ಅದಿಲ್ಲದೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ಸತ್ತ ಸಸಿಗಳೂ ಅಲ್ಲಿ ಲೆಕ್ಕಕ್ಕೆ ಸೇರುತ್ತವೆ. ನಾವೋ, ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಹೆಸರನ್ನಷ್ಟೇ ಹೇಳುತ್ತೇವೆ; ಅದೇ ದೀಪದಡಿ ಕುಳಿತು, ಎರಡನೆಯ ವರ್ಷಕ್ಕೆ ಓದು ಬಿಟ್ಟು ಹೋದವನನ್ನು ಯಾವ ಪುಸ್ತಕದಲ್ಲಿ ಬರೆದಿದ್ದೇವೆ?

ಉಳಿದವರೇ ಯೋಗ್ಯರು ಎನ್ನುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯಲ್ಲಿ ೨೦೦೨-೦೩ರ ಬರಕ್ಕೆ ಪಿನ್ಯಾನ್ ಪೈನ್ ಮರಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಜೊತೆಯಲ್ಲೇ ಬೆಳೆಯುವ ಜೂನಿಪರ್ ಮರಗಳು ಬಹುಪಾಲು ಉಳಿದವು. ಪಿನ್ಯಾನ್ ದುಂದುಗಾರ ಮರವೇನಲ್ಲ. ಮಣ್ಣು ಒಣಗಿದ ಸುಳಿವು ಸಿಕ್ಕೊಡನೆ ಎಲೆಯ ರಂಧ್ರಗಳನ್ನು ಮುಚ್ಚಿ ನೀರುಳಿಸುವ ಜಾಗರೂಕ. ಆದರೆ ರಂಧ್ರ ಮುಚ್ಚಿದರೆ ಆಹಾರದ ತಯಾರಿಕೆಯೂ ತಗ್ಗುತ್ತದೆ. ಬಳಲಿದ ಮರಗಳ ಮೇಲೆ ತೊಗಟೆದುಂಬಿಗಳು ಎರಗಿದವು. ಅಲ್ಪಕಾಲದ ಬರಕ್ಕೆ ತಕ್ಕ ಜಾಣತನ ಅಷ್ಟು ದೀರ್ಘ ಬರಕ್ಕೆ ಸಾಲಲಿಲ್ಲ. ಇದರಲ್ಲಿ ಮರದ ಶೀಲದ ಪ್ರಶ್ನೆ ಎಲ್ಲಿ ಬಂತು?

ನೆಡುವ ಮುನ್ನ ಕೆಲವು ವಾರ ನೀರನ್ನು ಮೆಲ್ಲಗೆ ತಗ್ಗಿಸಿ ಸಸಿಯನ್ನು ಗಡುಸುಮಾಡುವ ಪದ್ಧತಿ ಸಸ್ಯಕ್ಷೇತ್ರಗಳಲ್ಲಿ ಇದೆ, ನಿಜ. ಅಲ್ಲಿ ನೀರಿನ ಪಾತ್ರೆ ಹಿಡಿದವನು ಪಕ್ಕದಲ್ಲೇ ನಿಂತಿರುತ್ತಾನೆ. ಆಲವೆಂದರೆ ಬಂಡೆಯ ಬಿರುಕಿನಲ್ಲೂ ಬೇರೂರುವ ಜಾತಿ. ಆದರೂ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ನೆಟ್ಟ ಆಲದ ಸಸಿಗಳಿಗೆ, ಅವು ಬೇರೂರುವ ತನಕ, ಮೈಲಿಗಟ್ಟಲೆ ನೀರು ಹೊತ್ತರು.