ಹಾಡಿನ ಹಿರಿಮೆಗೆ ಅಳತೆಗೋಲು ಯಾವುದು?

ಎಲ್ಲಕ್ಕಿಂತ ಹಿರಿದಾದ ಹಾಡು ಯಾವುದು? ಎರಡನೆಯ, ಮೂರನೆಯ ಸ್ಥಾನಗಳು ಯಾವುವಕ್ಕೆ ಸಲ್ಲತಕ್ಕವು? ಈ ಚರ್ಚೆ ಹುಡುಗರ ಆಟದ ಬಯಲಿನಲ್ಲಿಯೂ ನಡೆಯುತ್ತದೆ, ಶಿಕ್ಷಕರ ಕೋಣೆಯಲ್ಲಿಯೂ ನಡೆಯುತ್ತದೆ. ಪ್ರತಿಯೊಬ್ಬನೂ ತನ್ನ ಮೆಚ್ಚಿಕೆಯನ್ನು ಮೇಲಿರಿಸಿ ಇತರರ ಮೆಚ್ಚಿಕೆಯನ್ನು ಕಂಡು ನಗುತ್ತಾನೆ. ಮೇಲುನೋಟಕ್ಕೆ ಇದು ವಿನೋದ. ಆದರೆ ಇದರ ಬುಡದಲ್ಲಿ ಒಂದು ನೀತಿಯ ಪ್ರಶ್ನೆ ಅಡಗಿದೆ: ಬಹುಜನರು ಮೆಚ್ಚಿದ್ದೆಲ್ಲವೂ ಹಿರಿದೇ? ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಕಲಿಸುವ, ಕಲಿಯುವ ನಮಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ತಲೆ ಎಣಿಸುವುದೊಂದೇ ಅಳತೆಯಾದರೆ, ಅಲ್ಪಸಂಖ್ಯೆಯವರಾದ ನಮ್ಮ ಮಕ್ಕಳ ಹಾಡು ಯಾವಾಗಲೂ ಕೊನೆಯ ಸಾಲಿನಲ್ಲಿಯೇ ನಿಲ್ಲಬೇಕಾದೀತು.

ಹಾಡುಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸುವ ರೂಢಿಯನ್ನು ನಮ್ಮ ದೇಶದ ಮನೆಮನೆಗೆ ಒಯ್ದುದು ಬಿನಾಕಾ ಗೀತಮಾಲಾ. ೧೯೫೨ರ ಡಿಸೆಂಬರದಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ಈ ಕಾರ್ಯಕ್ರಮವನ್ನು ಅಮೀನ್ ಸಯಾನಿಯವರು ದಶಕಗಳ ಕಾಲ ನಡೆಯಿಸಿದರು. ರಿಕಾರ್ಡುಗಳ ಮಾರಾಟ, ಶ್ರೋತೃಸಂಘಗಳ ಅಭಿಪ್ರಾಯ ಇವುಗಳ ಮೇಲಿಂದ ಹಿಂದೀ ಚಿತ್ರಗೀತೆಗಳ ಸ್ಥಾನ ನಿರ್ಧಾರವಾಗುತ್ತಿತ್ತು. ಅದೇ ವರ್ಷ ಕೇಂದ್ರದ ಪ್ರಸಾರ ಸಚಿವರಾದ ಬಿ. ವ್ಹಿ. ಕೇಸಕರರ ಕಾಲದಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ಬಹುಮಟ್ಟಿಗೆ ದೂರವಿಟ್ಟು ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿತ್ತು. ಒಂದು ಕಡೆ ಅಧಿಕಾರಿಯ ತೀರ್ಪು. ಇನ್ನೊಂದು ಕಡೆ ಜನರ ಎಣಿಕೆ. ಜನರು ಸಿಲೋನಿನ ಕಡೆಗೆ ಕಿವಿ ತಿರುಗಿಸಿದರು. ೧೯೫೭ರಲ್ಲಿ ವಿವಿಧಭಾರತಿಯು ಹುಟ್ಟಿ, ಚಿತ್ರಗೀತೆಗಳಿಗೆ ಮತ್ತೆ ಬಾಗಿಲು ತೆರೆಯಿತು. ರುಚಿಯನ್ನು ಆಜ್ಞೆಯಿಂದ ತಿದ್ದಲಾಗದು ಎಂಬ ಪಾಠ ಇದರಿಂದ ದೊರೆಯುತ್ತದೆ.

ಹಾಗಾದರೆ ಎಣಿಕೆಯಾದರೂ ನಿಜ ನುಡಿಯುವುದೇ? ೨೦೦೨ರಲ್ಲಿ ಬಿ. ಬಿ. ಸಿ. ವಿಶ್ವಸೇವೆಯು ಜಗತ್ತಿನ ಅತ್ಯಂತ ಜನಪ್ರಿಯವಾದ ಹತ್ತು ಹಾಡುಗಳನ್ನು ಆರಿಸಲು ಶ್ರೋತೃಗಳ ಮತ ಕೇಳಿತು. ಮೊದಲನೆಯ ಸ್ಥಾನ ಐರ್ಲೆಂಡಿನ ಒಂದು ದೇಶಭಕ್ತಿಗೀತೆಗೆ ದೊರೆಯಿತು. ಎರಡನೆಯದು ಆನಂದಮಠ ಚಿತ್ರದಲ್ಲಿಯ ವಂದೇ ಮಾತರಂ ಗೀತೆಗೆ. ಐರ್ಲೆಂಡಿನ ಜನಸಂಖ್ಯೆ ಮುಂಬಯಿ ಪಟ್ಟಣದ ಅರ್ಧದಷ್ಟೂ ಇರಲಿಲ್ಲ. ಆ ಹಾಡಿನ ಅಭಿಮಾನಿಗಳು ಒಬ್ಬರಿಗೊಬ್ಬರು ಹೇಳಿ ಮತ ಹಾಕಿಸಿದ್ದರು. ಇಂಥಲ್ಲಿ ಅಳೆದದ್ದು ಹಾಡಿನ ಗುಣವನ್ನಲ್ಲ, ಜನರ ಉತ್ಸಾಹವನ್ನು. ಉತ್ಸಾಹವೂ ಬೆಲೆಯುಳ್ಳದ್ದೇ ಸರಿ. ಆದರೆ ಅದನ್ನು ಹಿರಿಮೆಯೆಂದು ಕರೆಯುವುದು ಒಂದು ವಸ್ತುವಿನ ಹೆಸರನ್ನು ಮತ್ತೊಂದಕ್ಕೆ ಇಟ್ಟಂತೆ. ಮೊಬೈಲಿನಲ್ಲಿ ಒಂದು ಹಾಡನ್ನು ಇಷ್ಟು ಕೋಟಿ ಸಲ ಕೇಳಲಾಯಿತೆಂದು ತೋರಿಸುವ ಅಂಕಿಗೂ ಈ ಮಾತು ಅನ್ವಯಿಸುತ್ತದೆ.

ಎಣಿಕೆಯ ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಅದು ಕೇಳುವವರನ್ನು ಎಣಿಸುತ್ತದೆ, ಹಾಡುವವರನ್ನಲ್ಲ. ಭೀಮೆಯ ಆಚೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕಲೆಹಾಕಿದರು. ೧೯೩೧ರಲ್ಲಿ ಅವು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರಬಂದವು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳಿಗೆ ಶ್ರೋತೃಗಳು ಬೇಕಿರಲಿಲ್ಲ. ತವರಿನ ನೆನಪು, ಅತ್ತೆಯ ಮನೆಯ ದುಗುಡ, ಕೂಸಿನ ಚೆಲುವು ಇವು ಕಲ್ಲಿನ ತಿರುವಿನೊಡನೆ ಮಾತಾಗಿ ಬಂದವು. ತೋಳಿನ ದಣಿವು ಹಗುರಾಯಿತು, ಎದೆಯ ಭಾರವೂ ಹಗುರಾಯಿತು. ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಸೇರಿತು, ಹಾಡೂ ಅದರೊಡನೆ ಸರಿಯಿತು. ಇಂಥ ಹಾಡಿಗೆ ರಿಕಾರ್ಡಿಲ್ಲ, ಮಾರಾಟವಿಲ್ಲ, ಕರ್ತೃವಿನ ಹೆಸರೂ ಇಲ್ಲ. ಯಾವ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ಸಿಗದು. ಇದು ಹಾಡಿನ ಕೊರತೆಯೋ, ಪಟ್ಟಿಯ ಕೊರತೆಯೋ ವಾಚಕರೇ ಹೇಳಲಿ.

ಹಾಗೆಂದು, ಸ್ವಲ್ಪ ಜನರು ಬಲ್ಲದ್ದೇ ಶ್ರೇಷ್ಠವೆಂದು ಬೀಗುವುದೂ ಸಲ್ಲದು. ನಮ್ಮ ನುಡಿಯ ಹಾಡೆಂಬ ಒಂದೇ ಕಾರಣಕ್ಕೆ ಜೊಳ್ಳನ್ನು ಕಾಳೆಂದು ಮಕ್ಕಳಿಗೆ ಉಣಿಸಿದರೆ ನುಡಿಗೇ ದ್ರೋಹವಾಗುತ್ತದೆ. ಲಕ್ಷಾಂತರ ಜನರ ನಾಲಗೆಯ ಮೇಲೆ ಐವತ್ತು ವರ್ಷ ನಿಂತ ಚಿತ್ರಗೀತೆಯಲ್ಲಿ ಏನೋ ಒಂದು ಸತ್ವವಿರಲೇಬೇಕು.

ಆಂಗ್ಲ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು ಸುಖಗಳ ತಾರತಮ್ಯವನ್ನು ವಿಚಾರಿಸುವಾಗ, ಎರಡನ್ನೂ ಸವಿದು ಬಲ್ಲವರೇ ತೀರ್ಪುಗಾರರಾಗಬೇಕೆಂದನು. ಈ ದೃಷ್ಟಿಯಿಂದ ನೋಡಿದರೆ ನಮ್ಮ ಊರುಗಳು ಬಡವಲ್ಲ. ಸೊಲ್ಲಾಪುರದ ಒಂದೇ ಓಣಿಯಲ್ಲಿ ಮರಾಠಿ ಅಭಂಗ, ತೆಲುಗು ಹಾಡು, ಉರ್ದು ಕವ್ವಾಲಿ, ಕನ್ನಡ ವಚನ ಎಲ್ಲವೂ ಕಿವಿಗೆ ಬೀಳುತ್ತವೆ. ೧೯೪೪ರಿಂದ ೧೯೫೬ರ ವರೆಗೆ ಇಲ್ಲಿಯ ಡಿ. ಏ. ವ್ಹಿ. ಕಾಲೇಜಿನಲ್ಲಿ ಕಲಿಸಿದ ಬೇಂದ್ರೆಯವರ ಮನೆಮಾತು ಮರಾಠಿ. ಅವರ ಕವಿತೆ ಕನ್ನಡ. ಅದರ ಲಯ ಹಳ್ಳಿಯ ಹಾಡಿನದು. ಹಲವನ್ನು ಸವಿದ ಕಿವಿ ಒಂದನ್ನು ಹೆಚ್ಚು ಆಳವಾಗಿ ಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಆದ್ದರಿಂದ ಆರಿಸುವುದನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಸ್ನೇಹಸಮ್ಮೇಲನಕ್ಕೆ ಐದು ಹಾಡು ಬೇಕಾದಾಗ ಆರನೆಯದನ್ನು ಬಿಡಲೇಬೇಕು. ಆರಿಸದೆ ಕಲಿಸುವುದು ಸಾಧ್ಯವಿಲ್ಲ. ಆದರೆ ಆರಿಸುವವನು ತನ್ನ ಅಳತೆಗೋಲನ್ನು ಬಚ್ಚಿಡಬಾರದು. ‘ಇದು ಹೆಚ್ಚು ಮಾರಿತು’, ‘ಇದು ನನಗೆ ಪ್ರಿಯ’, ‘ಇದು ದುಃಖದಲ್ಲಿದ್ದವರಿಗೆ ಆಸರೆಯಾಯಿತು’ ಇವು ಮೂರು ಬೇರೆ ಬೇರೆ ಮಾತುಗಳು. ಮೂರನ್ನೂ ‘ಶ್ರೇಷ್ಠ’ ಎಂಬ ಒಂದೇ ಚೀಲದಲ್ಲಿ ತುಂಬಿದಾಗಲೇ ಜಗಳ ಹುಟ್ಟುತ್ತದೆ. ನಮ್ಮ ಮಟ್ಟಿಗೆ, ಮೂರನೆಯ ಅಳತೆಯೇ ಮೇಲು. ಹಾಡಿದವನ ಬಾಳನ್ನು ಯಾವುದು ಸ್ವಲ್ಪವಾದರೂ ಎತ್ತಿ ಹಿಡಿಯಿತೋ ಅದಕ್ಕೆ ಹಿರಿಮೆ ಸಲ್ಲಬೇಕು.

ವಿದ್ಯಾರ್ಥಿಮಿತ್ರರು ಹಾಡುಗಳ ಪಟ್ಟಿಯನ್ನು ಅವಶ್ಯವಾಗಿ ಮಾಡಲಿ. ಆದರೆ ಪ್ರತಿಯೊಂದು ಹೆಸರಿನ ಮುಂದೆ ಅಂಕಿಯ ಬದಲು ಒಂದು ಕಾರಣವನ್ನು ಬರೆಯಲಿ. ಮನೆಯಲ್ಲಿ ಅಜ್ಜಿಯಿದ್ದರೆ ಅವಳ ಒಂದು ಹಾಡನ್ನು ಕೇಳಿ ಬರೆದುಕೊಳ್ಳಲಿ. ಅಂಕಿ ಮುಂದಿನ ವಾರ ಬದಲಾದೀತು. ಯೋಚಿಸಿ ಬರೆದ ಕಾರಣ ಬರೆದವನ ಬುದ್ಧಿಯನ್ನು ಬೆಳೆಸೀತು.