ದೇಹಾನುಭವ ಮತ್ತು ವಿವೇಕ



ದೇಹವು ಜಡ, ಅರಿವು ಚೇತನ; ಆದುದರಿಂದ ದೇಹದಲ್ಲಿ ಏಳುವ ಹಸಿವು, ನೋವು, ನಡುಕ, ಪುಳಕಗಳೆಲ್ಲ ಅರಿವಿಗೆ ಅಡ್ಡಿ ಎಂಬ ಭಾವನೆ ಅನೇಕ ಸಾಧಕರಲ್ಲಿ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸಿ ನೋಡೋಣ.

ಪಾಶ್ಚಾತ್ಯರಲ್ಲಿ ದೇಹ ಮನಸ್ಸುಗಳನ್ನು ಎರಡು ಭಿನ್ನ ದ್ರವ್ಯಗಳೆಂದು ಪ್ರತಿಪಾದಿಸಿದವರು ಡೇಕಾರ್ಟ್. ಆದರೆ 1641ರ ಅದೇ ಗ್ರಂಥದಲ್ಲಿ, ಹಸಿವು ಬಾಯಾರಿಕೆ ನೋವುಗಳನ್ನು ಕಂಡಾಗ ಮನಸ್ಸು ದೇಹದೊಡನೆ ಬೆರೆತೇ ಇದೆಯೆಂದು ಅವರೂ ಒಪ್ಪಬೇಕಾಯಿತು. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಇನ್ನೂ ಮುಂದೆ ಹೋಗಿ, ದೇಹದ ಬದಲಾವಣೆಗಳನ್ನು ನಾವು ಅನುಭವಿಸುವುದೇ ಭಾವವೆಂದು ವಾದಿಸಿದರು. ಎದೆಬಡಿತ, ನಡುಕ, ಬೆವರುಗಳನ್ನು ಕಳೆದರೆ ಭಯವೆಂಬುದರಲ್ಲಿ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಇದಕ್ಕೆ 1927ರಲ್ಲಿ ವಾಲ್ಟರ್ ಕ್ಯಾನನ್ ಆಕ್ಷೇಪವೆತ್ತಿದರು. ಅದೇ ಒಳಾಂಗ ಬದಲಾವಣೆಗಳು ಭಯದಲ್ಲಿಯೂ ಕೋಪದಲ್ಲಿಯೂ ಉಂಟು, ಜ್ವರದಲ್ಲಿಯೂ ಉಂಟು. ಹಾಗಾದರೆ ಇದು ಭಯ, ಇದು ಕೋಪ ಎಂದು ದೇಹವೊಂದೇ ಹೇಗೆ ಹೇಳೀತು?

1994ರಲ್ಲಿ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಮತ್ತೊಂದು ಸಂಗತಿಯನ್ನು ಮುಂದಿಟ್ಟರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಸ್ಮರಣೆ, ಭಾಷೆ, ತರ್ಕಗಳು ಕುಂದಿರಲಿಲ್ಲ. ಭಾವಗಳು ಮಾತ್ರ ಬತ್ತಿದ್ದವು. ಅಂಥವರು ಬಾಳಿನ ಸಾಮಾನ್ಯ ನಿರ್ಧಾರಗಳಲ್ಲಿಯೂ ಎಡವುತ್ತಿದ್ದರು. ಇವುಗಳಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ದೇಹಾನುಭವವಿಲ್ಲದ ಬುದ್ಧಿ ಕುಂಟು; ವಿವೇಕವಿಲ್ಲದ ದೇಹಾನುಭವ ಕುರುಡು.

ನಮ್ಮ ದರ್ಶನಕ್ಕೆ ಇದು ಅಪರಿಚಿತವಲ್ಲ. ದೀಕ್ಷೆಯೇ ಗುರುವಿನ ಕರ ಶಿಷ್ಯನ ಮಸ್ತಕವನ್ನು ಮುಟ್ಟುವುದರಿಂದ ನಡೆಯುತ್ತದೆ. ಇಷ್ಟಲಿಂಗವು ಕರಸ್ಥಲದಲ್ಲಿ ನೆಲಸುತ್ತದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ಷಟ್‌ಸ್ಥಲ ಶಾಸ್ತ್ರವು ಹೇಳುತ್ತದೆ. ಇಂದ್ರಿಯಗಳನ್ನು ಕೊಲ್ಲೆಂದು ಅದು ವಿಧಿಸಲಿಲ್ಲ. ಇಂದ್ರಿಯದ ಅನುಭವವನ್ನು ಲಿಂಗಕ್ಕೆ ಅರ್ಪಿಸಿ, ಪ್ರಸಾದವಾಗಿಸಿ ಸ್ವೀಕರಿಸೆಂದಿತು. ಅರ್ಪಿಸುವ ಮುನ್ನ ಅರ್ಪಿಸುವ ವಸ್ತುವನ್ನು ನೋಡಬೇಕಷ್ಟೆ? ಆ ನೋಟವೇ ವಿವೇಕ.

ಈ ವಿವೇಕ ಎಲ್ಲಿ ಅತ್ಯಗತ್ಯ? ಹೇಸಿಕೆಯ ಸಂದರ್ಭದಲ್ಲಿ. ಕೊಳೆತ ಅನ್ನಕ್ಕೆ ಹೊಟ್ಟೆ ತೊಳಸುವುದು ದೇಹರಕ್ಷಣೆಗೆ ಬೇಕಾದುದೇ. ಆದರೆ ಪಂಕ್ತಿಯಲ್ಲಿ ಪಕ್ಕದವನ ಕುಲ ತಿಳಿದೊಡನೆ ತುತ್ತು ಗಂಟಲಲ್ಲಿ ನಿಲ್ಲುವುದೂ ಉಂಟು. ಆ ಅನುಭವವೂ ದೇಹದ್ದೇ, ನಟನೆಯಲ್ಲ. ಆದುದರಿಂದಲೇ ಅದು ಅಪಾಯಕರ. 'ನನ್ನ ಮೈಯೇ ಒಪ್ಪುವುದಿಲ್ಲ' ಎಂದು ಮನುಷ್ಯನು ತನ್ನ ಅನ್ಯಾಯಕ್ಕೆ ಮೈಯನ್ನು ಸಾಕ್ಷಿಗೆ ಕರೆಯುತ್ತಾನೆ. ತೊಟ್ಟಿಲ ಕೂಸಿಗೆ ಇಂಥ ಹೇಸಿಕೆ ಇಲ್ಲ. ಮನೆ ಕಲಿಸಿತು, ಊರು ಕಲಿಸಿತು, ಮೈ ಕಲಿತಿತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದಾಗ ಒಂದು ಆಚಾರವನ್ನು ಮಾತ್ರ ಬಿಡಲಿಲ್ಲ. ಕಲಿತ ಮೈಗೆ ಬೇರೊಂದು ಪಾಠವನ್ನು ಕಲಿಸಲು ಹೊರಟರು.

ಹೇಸಿಕೆಯಂತೆ ಹಸಿವೂ ದೇಹಾನುಭವವೇ. ಆದರೆ ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ದಾಸೋಹವು ನಿಂತಿರುವುದು ಈ ಹಸಿವಿನ ಮೇಲೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ. ತನ್ನ ಹಸಿವನ್ನು ಅರಿತವನಿಗೆ ಪರರ ಹಸಿವು ತಿಳಿಯುವುದು. ಅದನ್ನು ಮರೆತವನಿಗೆ ದಾನವು ಬರಿಯ ಲೆಕ್ಕದ ಪುಸ್ತಕವಾದೀತು.

ಭಕ್ತರೇ, ನಿಮ್ಮ ಮೈಯ ಮಾತಿಗೆ ಕಿವಿಗೊಡಿರಿ. ಆದರೆ ಒಬ್ಬ ಮನುಷ್ಯನನ್ನು ಕಂಡು ಅದು ಹಿಂಜರಿದಾಗ, ಈ ಪಾಠವನ್ನು ಕಲಿಸಿದವರಾರು ಎಂದು ಕೇಳಿರಿ. ಉತ್ತರ ದೊರೆತ ಮೇಲೂ ಮೈ ಒಂದೇ ದಿನದಲ್ಲಿ ಬದಲಾಗದು. ಅವನ ಪಕ್ಕದಲ್ಲಿ ಕುಳಿತು ಉಣ್ಣಿರಿ, ಮತ್ತೆ ಮತ್ತೆ ಉಣ್ಣಿರಿ. ಕಲಿತದ್ದನ್ನು ಮೈ ಮರೆಯುವುದು ಹಾಗೆಯೇ. ಅಂಥ ಪ್ರಸಾದಬುದ್ಧಿ ತಮ್ಮೆಲ್ಲರಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.